ಹೇಳುವ ಸ್ವಿಚ್ಚು, ಹೊರುವ ತಂತಿ

ಚಳಿ ದೇಶದ ಬಿಸಿ ಸೀಟಿಗೂ ಯಾದಗಿರಿಯ ಟ್ರ್ಯಾಕ್ಟರಿಗೆ ಹಚ್ಚುವ ಹೆಚ್ಚುವರಿ ದೀಪಕ್ಕೂ ಏನು ಸಂಬಂಧ? ಹತ್ತನೆಯ ತರಗತಿಯ ವಿದ್ಯುತ್ ಪಾಠದಲ್ಲಿ ಇದಕ್ಕೆ ಉತ್ತರವಿದೆ. ಆ ಪಾಠ ಮರೆತ ಕಡೆ ಮೊದಲು ವಾಸನೆ ಬರುತ್ತದೆ, ಆಮೇಲೆ ಹೊಗೆ.

ಏಪ್ರಿಲ್ ತಿಂಗಳ ನಡು ಮಧ್ಯಾಹ್ನ. ಯಾದಗಿರಿ ರೈಲು ನಿಲ್ದಾಣದ ಹೊರಗೆ ಬಿಸಿಲಲ್ಲಿ ನಿಲ್ಲಿಸಿದ ಮೋಟಾರ್ ಸೈಕಲ್ಲಿನ ಮೇಲೆ ಯಾರೂ ತಟ್ಟನೆ ಕೂರುವುದಿಲ್ಲ. ಮೊದಲು ಅಂಗೈಯಿಂದ ಸೀಟನ್ನು ಮುಟ್ಟಿ ನೋಡುತ್ತಾರೆ, ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ಹಾಸುತ್ತಾರೆ. ಭೀಮಾ ಸೇತುವೆ ದಾಟಿ ಶಹಾಪುರದ ಕಡೆಗೆ ಹೊರಟ ಲಾರಿಯ ಚಾಲಕ ತನ್ನ ಸೀಟಿಗೆ ಮರದ ಮಣಿಗಳ ಹಾಸು ಹೊದಿಸಿರುತ್ತಾನೆ. ಬೆನ್ನಿಗೂ ಸೀಟಿಗೂ ನಡುವೆ ಒಂದಿಷ್ಟು ಗಾಳಿಯಾಡಲಿ ಎಂಬುದು ಅವನ ಆಸೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ 'ಸೀಟು ಬಿಸಿ ಮಾಡುವ ಕವರ್ ಸಿಗುತ್ತದೆ, ಬೇಕೇನು?' ಎಂದು ಯಾರಾದರೂ ಕೇಳಿದರೆ ಜನ ನಕ್ಕುಬಿಟ್ಟಾರು.

ಆದರೆ ಅಂಥ ಕವರು ಇರುವುದು ನಿಜ. ಇದೇ ನಾಡಿನಿಂದ ಓದಿ ಕೆನಡಾಕ್ಕೋ ಅಮೆರಿಕದ ಉತ್ತರ ಭಾಗಕ್ಕೋ ಹೋಗಿ ನೆಲೆಸಿದ ಕನ್ನಡದ ಮನೆಯವರನ್ನು ಕೇಳಿದರೆ ಗೊತ್ತಾಗುತ್ತದೆ. ಅಲ್ಲಿ ಚಳಿಗಾಲದ ಬೆಳಗ್ಗೆ ಕಾರಿನೊಳಗೆ ಕೂತರೆ ಮಂಜುಗಡ್ಡೆಯ ಮೇಲೆ ಕೂತಂತೆ. ಆದ್ದರಿಂದಲೇ ಅಮೆರಿಕದ ಕ್ಯಾಡಿಲ್ಯಾಕ್ ಕಂಪನಿ 1966ರ ಮಾದರಿಯಲ್ಲಿ ಬಿಸಿಯಾಗುವ ಸೀಟನ್ನು ಹೆಚ್ಚುವರಿ ಸೌಲಭ್ಯವಾಗಿ ಕೊಟ್ಟಿತು. 1972ರಲ್ಲಿ ಸ್ವೀಡನ್ನಿನ ಸಾಬ್ ಕಂಪನಿ ತನ್ನ ಕಾರುಗಳಿಗೆ ವಿದ್ಯುತ್ತಿನಿಂದ ಬೆಚ್ಚಗಾಗುವ ಚಾಲಕನ ಸೀಟನ್ನು ತಂದಿತು. ಅಂಥ ಸೀಟು ಇಲ್ಲದ ಕಾರಿನವರು ಈಗ ಅಂಗಡಿಯಿಂದ ಬಿಡಿ ಕವರ್ ತಂದು ಹಾಕಿಕೊಳ್ಳುತ್ತಾರೆ. ಕವರಿನೊಳಗೆ ಹೊಲಿದ ಸಣ್ಣ ತಂತಿಯೋ ಕಾರ್ಬನ್ ಎಳೆಯೋ ಬ್ಯಾಟರಿಯ ವಿದ್ಯುತ್ತಿನಿಂದ ಬಿಸಿಯಾಗುತ್ತದೆ. ಇಸ್ತ್ರಿ ಪೆಟ್ಟಿಗೆಯ ತತ್ವವೇ ಇದು, ಬಿಸಿ ಮಾತ್ರ ಹದವಾಗಿರುತ್ತದೆ.

ಇಲ್ಲಿಂದ ಶುರುವಾಗುತ್ತದೆ ಮನುಷ್ಯ ಸಹಜವಾದ ಆಸೆ. ಕವರಿನ ಜೊತೆ ಬಂದ ಜೋತಾಡುವ ಸ್ವಿಚ್ಚು ಚೆಂದ ಕಾಣುವುದಿಲ್ಲ. ಕಾರಿನ ಮುಂಭಾಗದಲ್ಲಿ ಕಂಪನಿಯವರೇ ಕೂಡಿಸಿದ ಸ್ವಿಚ್ಚು ಇದೆಯಲ್ಲ, ಅದಕ್ಕೇ ಇದನ್ನು ಜೋಡಿಸಿಬಿಟ್ಟರೆ? ಒಂದು ಒತ್ತು, ಸೀಟು ಬಿಸಿ, ನೋಡಲೂ ಅಚ್ಚುಕಟ್ಟು.

ಈ ಆಸೆ ಕೆನಡಾದವರಿಗೆ ಮಾತ್ರ ಸೀಮಿತವಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಗ್ಯಾರೇಜುಗಳಿಗೆ ಟ್ರ್ಯಾಕ್ಟರ್, ಜೀಪು, ಟೆಂಪೊ, ಆಟೊಗಳನ್ನು ತರುವವರೂ ಇದನ್ನೇ ಕೇಳುತ್ತಾರೆ. ಸೀಟು ಬಿಸಿ ಮಾಡುವ ಕವರಿನ ಬದಲು ಇಲ್ಲಿ ಹೆಚ್ಚುವರಿ ದೀಪ, ಜೋರು ಹಾರ್ನ್, ಹಾಡು ಹಾಕುವ ಡೆಕ್ಕು, ಚಾಲಕನ ತಲೆಯ ಮೇಲೊಂದು ಸಣ್ಣ ಫ್ಯಾನು. ಸಾಮಾನು ಬೇರೆ, ಪ್ರಶ್ನೆ ಒಂದೇ: ಹೊರಗಿನಿಂದ ತಂದದ್ದನ್ನು ಕಂಪನಿಯ ಸ್ವಿಚ್ಚಿಗೆ ಕೊಡಬಹುದೇ?

ಎಷ್ಟು ದಿನ ಹತ್ತುತ್ತದೆ?

ಒಂದು ದೃಶ್ಯ ಊಹಿಸಿಕೊಳ್ಳಿ. ನಾರಾಯಣಪುರ ಅಣೆಕಟ್ಟೆಯ ಕಾಲುವೆ ನೀರು ಬಿಟ್ಟಿದ್ದಾರೆ. ಭತ್ತದ ಗದ್ದೆಗಳಲ್ಲಿ ರಾತ್ರಿ ಹಗಲೆನ್ನದೆ ರೊಳ್ಳಿ ಹೊಡೆಯುವ ಕೆಲಸ. ಒಬ್ಬ ರೈತ ತನ್ನ ಟ್ರ್ಯಾಕ್ಟರಿನ ಹಿಂಬದಿಗೆ ಎರಡು ದೀಪ ಹಚ್ಚಿಸಲು ಸುರಪುರದ ಗ್ಯಾರೇಜಿಗೆ ಬಂದಿದ್ದಾನೆ. ಐಟಿಐ ಓದುತ್ತ ರಜೆಯಲ್ಲಿ ಕೆಲಸ ಕಲಿಯುತ್ತಿರುವ ಹುಡುಗ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದಾನೆ.

"ಉಸ್ತಾದ್, ಈ ವೈರು ಹೆಡ್‌ಲೈಟಿನ ಸ್ವಿಚ್ಚಿಗೇ ಕೊಟ್ರ ಆಗಂಗಿಲ್ಲೇನ್ರಿ? ಒಂದ ಒತ್ತಿದ್ರ ಎಲ್ಲಾ ಹತ್ತತಾವ."

"ಹತ್ತತಾವಪ್ಪಾ. ಎಷ್ಟು ದಿನ ಹತ್ತತಾವ ಅಂತ ಕೇಳು."

"ರಿಲೇ ಹಾಕ್ಬೇಕಂದ್ರ ಕಾಕಾ ಮತ್ತ ರೊಕ್ಕ ಅಂತಾರ್ರಿ."

"ಅವರಿಗೆ ನಾ ಹೇಳ್ತೀನಿ. ನೀ ಮೊದಲು ಲೆಕ್ಕ ಹಾಕು."

ಆ ಲೆಕ್ಕ ಯಾವುದು? ವೈರಿಂಗ್ ಕೆಲಸ ಗೊತ್ತಿದ್ದವನಿಗೂ ಗೊತ್ತಿಲ್ಲದವನಿಗೂ ಇರುವ ವ್ಯತ್ಯಾಸ ಆ ಲೆಕ್ಕದಲ್ಲೇ ಇದೆ. ತಂತಿ ಸುತ್ತಿ ಟೇಪು ಅಂಟಿಸುವುದನ್ನು ಒಂದು ದಿನದಲ್ಲಿ ಯಾರಾದರೂ ಕಲಿತಾರು. ಯಾವ ತಂತಿಯಲ್ಲಿ ಎಷ್ಟು ಪ್ರವಾಹ ಹರಿಯುತ್ತದೆ, ಅದನ್ನು ಹೊರುವ ಶಕ್ತಿ ಆ ತಂತಿಗೂ ಸ್ವಿಚ್ಚಿಗೂ ಇದೆಯೇ ಎಂದು ಮೊದಲೇ ತಿಳಿಯುವುದು ವಿದ್ಯೆ.

ಲೆಕ್ಕ ಸಣ್ಣದು, ಪರಿಣಾಮ ದೊಡ್ಡದು

ದೀಪದ ಮೇಲೆ 55 ವ್ಯಾಟ್ ಎಂದು ಬರೆದಿದ್ದರೆ, ಎರಡು ದೀಪಕ್ಕೆ 110 ವ್ಯಾಟ್. ಬ್ಯಾಟರಿ 12 ವೋಲ್ಟಿನದು. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ: ಸುಮಾರು 9. ಬಿಸಿ ಸೀಟಿನ ಕವರಿಗೂ ಇದೇ ಲೆಕ್ಕ. ಒಂದು ಕವರು 45 ವ್ಯಾಟಿನದು ಎಂದುಕೊಂಡರೆ ಅದಕ್ಕೆ ಹತ್ತಿರ ಹತ್ತಿರ 4 ಆಂಪಿಯರ್, ಎರಡು ಸೀಟಿಗೆ 8 ಆಂಪಿಯರ್ ಬೇಕು. ಮನೆಯಲ್ಲಿ 230 ವೋಲ್ಟಿನ ವಿದ್ಯುತ್ತಿನಲ್ಲಿ 100 ವ್ಯಾಟಿನ ಬಲ್ಬು ಅರ್ಧ ಆಂಪಿಯರನ್ನೂ ಎಳೆಯುವುದಿಲ್ಲ. ವಾಹನದಲ್ಲಿ ವೋಲ್ಟು ಕಡಿಮೆ, ಆದ್ದರಿಂದ ಅದೇ ಕೆಲಸಕ್ಕೆ ಪ್ರವಾಹ ಬಹಳ ಹೆಚ್ಚು. '12 ವೋಲ್ಟು ತಾನೆ, ಏನಾಗುತ್ತದೆ?' ಎಂಬ ಉದಾಸೀನ ಹುಟ್ಟುವುದೇ ಈ ಲೆಕ್ಕ ಮಾಡದಿರುವುದರಿಂದ. 12 ವೋಲ್ಟು ಮನುಷ್ಯನಿಗೆ ಶಾಕ್ ಹೊಡೆಯುವುದಿಲ್ಲ ನಿಜ. ಬೆಂಕಿ ಹಚ್ಚಲು ಮಾತ್ರ ಅದಕ್ಕೆ ಧಾರಾಳವಾಗಿ ಶಕ್ತಿಯಿದೆ.

ಈಗ ತಂತಿಯ ಕಡೆ ನೋಡೋಣ. ಒಂದು ಚದರ ಮಿಲಿಮೀಟರ್ ದಪ್ಪದ, ಒಂದು ಮೀಟರ್ ಉದ್ದದ ತಾಮ್ರದ ತಂತಿಯ ರೋಧ ಸುಮಾರು 0.017 ಓಮ್. ಅದರ ಅರ್ಧ ದಪ್ಪದ ತಂತಿಯನ್ನು ಆರು ಮೀಟರ್ ಎಳೆದರೆ ರೋಧ 0.2 ಓಮ್ ಆಗುತ್ತದೆ. ಅದರಲ್ಲಿ 8 ಆಂಪಿಯರ್ ಹರಿದರೆ ತಂತಿಯಲ್ಲೇ ಒಂದೂವರೆ ವೋಲ್ಟಿಗಿಂತ ಹೆಚ್ಚು ಸೋರಿಹೋಗುತ್ತದೆ. ದೀಪ ಮಂಕಾಗುತ್ತದೆ, ಸೀಟು ಸರಿಯಾಗಿ ಬಿಸಿಯಾಗುವುದಿಲ್ಲ. ಹೋದ ಶಕ್ತಿ ಎಲ್ಲಿಗೆ ಹೋಯಿತು? ತಂತಿಯನ್ನು ಬಿಸಿ ಮಾಡಲು, ಸುಮಾರು 13 ವ್ಯಾಟ್.

ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನು ಇಂಗ್ಲೆಂಡಿನ ಜೇಮ್ಸ್ ಜೂಲ್ 1840ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಅದೇ ತಂತಿಯಲ್ಲಿ 16 ಆಂಪಿಯರ್ ಹರಿಸಿದರೆ 13 ವ್ಯಾಟ್ ಇದ್ದದ್ದು 51 ವ್ಯಾಟ್ ಆಗುತ್ತದೆ. 'ಇನ್ನೆರಡು ದೀಪ ಇದೇ ವೈರಿಗೆ ಹಾಕಿಬಿಡಪ್ಪಾ' ಎನ್ನುವವರು ನೆನಪಿಡಬೇಕಾದ ಸಂಖ್ಯೆ ಇದು. ಎರಡೂವರೆ ಚದರ ಮಿಲಿಮೀಟರಿನ ತಂತಿ ಹಾಕಿದ್ದರೆ 8 ಆಂಪಿಯರಿಗೆ ಎರಡೂವರೆ ವ್ಯಾಟ್ ಮಾತ್ರ ವ್ಯರ್ಥವಾಗುತ್ತಿತ್ತು, ತಂತಿ ಕೈಗೆ ಬೆಚ್ಚಗೂ ತಾಕುತ್ತಿರಲಿಲ್ಲ.

ಹತ್ತಿಯ ಹೇರು, ಸಡಿಲ ಗಂಟು

ಇಡೀ ತಂತಿ ಬಿಸಿಯಾಗುವುದಕ್ಕಿಂತ ಅಪಾಯಕಾರಿ ಸಂಗತಿ ಇನ್ನೊಂದಿದೆ. ಅದು ಸಡಿಲವಾದ ಜೋಡಣೆ. ಕಂಪನಿಯ ತಂತಿಯ ಮೇಲ್ಪದರ ಸುಲಿದು, ಹೊಸ ತಂತಿಯನ್ನು ಅದಕ್ಕೆ ಸುತ್ತಿ ಟೇಪು ಹಚ್ಚುವುದು ಎಲ್ಲರೂ ಕಂಡ ವಿಧಾನ. ಆ ಗಂಟಿನಲ್ಲಿ 0.2 ಓಮ್‌ನಷ್ಟು ರೋಧ ಉಳಿದರೂ ಸಾಕು, ಹತ್ತು ವ್ಯಾಟ್ ಆಸುಪಾಸಿನ ಶಾಖ ಅಲ್ಲಿ ಹುಟ್ಟುತ್ತದೆ. ಆರು ಮೀಟರ್ ಉದ್ದಕ್ಕೆ ಹರಡಿದ್ದರೆ ಗಾಳಿಗೆ ಆರಿಹೋಗುತ್ತಿದ್ದ ಶಾಖ ಇಲ್ಲಿ ಜೋಳದ ಕಾಳಿನಷ್ಟು ಜಾಗದಲ್ಲಿ ಕೂಡಿಬಿದ್ದಿದೆ. ರೇಡಿಯೊ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಕಡ್ಡಿಯ ಬಿಸಿಗೆ ಇದು ಬಹಳ ದೂರವಲ್ಲ. ಬಿಸಿಗೆ ತಾಮ್ರದ ಮೇಲೆ ಕಿಲುಬು ಕಟ್ಟುತ್ತದೆ, ಕಿಲುಬಿನಿಂದ ರೋಧ ಹೆಚ್ಚುತ್ತದೆ, ರೋಧದಿಂದ ಬಿಸಿ ಮತ್ತೂ ಹೆಚ್ಚುತ್ತದೆ. ಒಂದು ದಿನ ಟೇಪು ಕರಗಿ ತಂತಿ ಬತ್ತಲಾಗುತ್ತದೆ.

ಬತ್ತಲಾದ ಆ ತಂತಿ ವಾಹನದ ಕಬ್ಬಿಣಕ್ಕೆ ತಾಕಿದರೆ ಶಾರ್ಟ್. ಎಂಜಿನ್ನನ್ನು ತಿರುಗಿಸಲೆಂದು ನೂರಾರು ಆಂಪಿಯರ್ ಕೊಡಬಲ್ಲ ಬ್ಯಾಟರಿ ಆಗ ತನ್ನ ಶಕ್ತಿಯನ್ನೆಲ್ಲ ಆ ಸಣ್ಣ ತಂತಿಗೆ ಸುರಿಯುತ್ತದೆ. ತಂತಿ ಕ್ಷಣಗಳಲ್ಲಿ ಕೆಂಪಗಾಗುತ್ತದೆ.

ಇದರ ಗಂಭೀರತೆ ಈ ಮೂರು ತಾಲ್ಲೂಕಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಸುಗ್ಗಿಯಲ್ಲಿ ಟ್ರ್ಯಾಲಿ ತುಂಬ ಹತ್ತಿ ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳು, ಭತ್ತದ ಹುಲ್ಲಿನ ಹೇರು, ತೊಗರಿ ಕಟ್ಟಿಗೆಯ ಹೇರು. ಟ್ರ್ಯಾಲಿಯ ಹಿಂದಿನ ಕೆಂಪು ದೀಪಕ್ಕೆಂದು ಎಳೆದ ತಂತಿ ಆ ಹೇರಿಗೆ ಒರಗಿಕೊಂಡೇ ಇರುತ್ತದೆ. ಹತ್ತಿಗೆ ಒಂದು ಕಿಡಿ ಸಾಕು. ವರ್ಷದ ದುಡಿಮೆ, ಸಾಲ ಮಾಡಿ ತಂದ ಟ್ರ್ಯಾಕ್ಟರ್, ಮೇಲೆ ಕೂತ ಮನುಷ್ಯರು, ಎಲ್ಲವೂ ಸರಿಯಾಗಿ ಸುತ್ತದ ಒಂದು ಗಂಟಿನ ಮೇಲೆ ನಿಂತಿರುತ್ತವೆ.

ಗುಮಾಸ್ತನ ಚೀಟಿ, ಹಮಾಲನ ಬೆನ್ನು

ಹಾಗಾದರೆ ಕಂಪನಿಯ ಸ್ವಿಚ್ಚನ್ನು ಬಳಸಲೇಬಾರದೇ? ಬಳಸಬಹುದು, ಆದರೆ ಅದರಿಂದ ಯಾವ ಕೆಲಸ ಮಾಡಿಸಬೇಕು ಎಂಬುದು ಗೊತ್ತಿರಬೇಕು.

ಎಪಿಎಂಸಿ ಯಾರ್ಡಿನ ಅಡತಿ ಅಂಗಡಿಯನ್ನು ನೆನಪಿಸಿಕೊಳ್ಳಿ. ಗುಮಾಸ್ತ ಚೀಲ ಹೊರುವುದಿಲ್ಲ, ಚೀಟಿ ಬರೆದುಕೊಡುತ್ತಾನೆ. ಚೀಟಿ ನೋಡಿ ಹಮಾಲ ಚೀಲ ಹೊರುತ್ತಾನೆ. ಗುಮಾಸ್ತನ ಬೆನ್ನ ಮೇಲೆ ಕ್ವಿಂಟಲ್ ಚೀಲ ಹೇರಿದರೆ ಏನಾದೀತೋ, ಸಣ್ಣ ಸ್ವಿಚ್ಚಿನ ಮೇಲೆ ದೊಡ್ಡ ಪ್ರವಾಹ ಹೇರಿದರೂ ಅದೇ ಆಗುತ್ತದೆ. ಒಳಗಿನ ತಾಮ್ರದ ತುದಿಗಳು ಸುಟ್ಟು, ಪ್ಲಾಸ್ಟಿಕ್ ಕರಗಿ, ಕೊನೆಗೆ ಒತ್ತಿದರೂ ಹತ್ತುವುದಿಲ್ಲ, ಇಲ್ಲವೇ ಆರಿಸಿದರೂ ಆರುವುದಿಲ್ಲ.

ವಿದ್ಯುತ್ತಿನ ಲೋಕದ ಹಮಾಲನ ಹೆಸರು ರಿಲೇ. ಅದು ಹೊಸ ವಸ್ತುವೇನಲ್ಲ. ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ 1835ರಲ್ಲೇ ಸಣ್ಣ ಪ್ರವಾಹದಿಂದ ಒಂದು ವಿದ್ಯುತ್ಕಾಂತವನ್ನು ನಡೆಸಿ, ಅದರಿಂದ ಮತ್ತೊಂದು ದೊಡ್ಡ ಪ್ರವಾಹವನ್ನು ಆಳುವ ಉಪಾಯ ಕಂಡುಕೊಂಡಿದ್ದ. ಮುಂದೆ ತಂತಿ ಸಂದೇಶಗಳು ಊರಿಂದೂರಿಗೆ ಸಾಗಿದ್ದು ಇದೇ ಉಪಾಯದಿಂದ.

ರಿಲೇಯ ಅಣ್ಣನೊಬ್ಬ ಪ್ರತಿ ಟ್ರ್ಯಾಕ್ಟರಿನಲ್ಲೂ ಇದ್ದಾನೆ. ಹಿಂದೆ ಎಂಜಿನ್ ಚಾಲೂ ಮಾಡಲು ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು, ಅದು ಹಿಂದಕ್ಕೆ ಹೊಡೆದು ಕೈ ಮುರಿದುಕೊಂಡವರೂ ಇದ್ದರು. 1912ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದಿತು. ಇಂದು ಚಾಬಿ ತಿರುಗಿಸಿದಾಗ 'ಟಕ್' ಎಂದು ಕೇಳುವ ಸಪ್ಪಳ ಸ್ಟಾರ್ಟರಿನ ಸಾಲೆನಾಯ್ಡ್‌ನದು. ಸ್ಟಾರ್ಟರ್ ಮೋಟರಿಗೆ ಬೇಕಾದ ನೂರಾರು ಆಂಪಿಯರ್ ಚಾಬಿಯ ಮೂಲಕ ಹರಿಯುವುದಿಲ್ಲ, ಹರಿದರೆ ಚಾಬಿಯೇ ಕರಗೀತು. ಚಾಬಿ ಹೇಳುತ್ತದೆ, ಸಾಲೆನಾಯ್ಡ್ ಹೊರುತ್ತದೆ.

ನಾಲ್ಕು ಕಾಲಿನ ಡಬ್ಬಿ

ಬೆಂಕಿಪೊಟ್ಟಣಕ್ಕಿಂತ ಸಣ್ಣದಾದ ವಾಹನದ ರಿಲೇಯನ್ನು ಕೈಗೆತ್ತಿಕೊಂಡು ನೋಡಿದರೆ ಕೆಳಗೆ ನಾಲ್ಕು ಕಾಲುಗಳು, ಅವುಗಳ ಪಕ್ಕದಲ್ಲಿ ಅಂಕಿಗಳು ಕಾಣುತ್ತವೆ: 30, 87, 85, 86. ಇವು ಜರ್ಮನಿಯ ಮಾನಕದಿಂದ ಬಂದ ಸಂಖ್ಯೆಗಳು. ಯಾವ ದೇಶದ ರಿಲೇ ತಂದರೂ ಸಾಮಾನ್ಯವಾಗಿ ಇವೇ ಇರುತ್ತವೆ.

ಬ್ಯಾಟರಿಯಿಂದ ದಪ್ಪ ತಂತಿ ಫ್ಯೂಸಿನ ಮೂಲಕ 30ಕ್ಕೆ ಬರುತ್ತದೆ. 87ರಿಂದ ಇನ್ನೊಂದು ದಪ್ಪ ತಂತಿ ದೀಪಕ್ಕೋ ಸೀಟಿನ ಕವರಿಗೋ ಹೋಗುತ್ತದೆ. ಇದು ಹೊರುವ ದಾರಿ. 86ಕ್ಕೆ ಸ್ವಿಚ್ಚಿನಿಂದ ತೆಳು ತಂತಿ, 85ರಿಂದ ವಾಹನದ ಬಾಡಿಗೆ ಅರ್ಥ್. ಇದು ಹೇಳುವ ದಾರಿ. ಸ್ವಿಚ್ಚು ಒತ್ತಿದಾಗ ಒಳಗಿನ ಸುರುಳಿಯಲ್ಲಿ ಸುಮಾರು 0.15 ಆಂಪಿಯರ್ ಹರಿದು ಅದು ಕಾಂತವಾಗುತ್ತದೆ, 30ನ್ನೂ 87ನ್ನೂ ಕೂಡಿಸುತ್ತದೆ. ಸೀಟಿನ 8 ಆಂಪಿಯರಿಗೆ ಹೋಲಿಸಿದರೆ ಸ್ವಿಚ್ಚಿನ ಪಾಲಿಗೆ ಬಂದದ್ದು ಐವತ್ತರಲ್ಲಿ ಒಂದು ಪಾಲು.

ಫ್ಯೂಸು ಎಲ್ಲಿರಬೇಕು? ಬ್ಯಾಟರಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಫ್ಯೂಸು ದೀಪವನ್ನು ಕಾಯಲು ಇದೆ ಎಂಬುದು ಹಲವರ ತಪ್ಪು ತಿಳಿವಳಿಕೆ. ಅದು ಕಾಯುವುದು ತಂತಿಯನ್ನು. ದೀಪದ ಬಳಿ ಫ್ಯೂಸು ಹಾಕಿದರೆ, ಬ್ಯಾಟರಿಯಿಂದ ಅಲ್ಲಿಯವರೆಗಿನ ತಂತಿ ಎಲ್ಲಾದರೂ ಉಜ್ಜಿ ಶಾರ್ಟ್ ಆದಾಗ ಕೇಳುವವರೇ ಇರುವುದಿಲ್ಲ. ಚಪ್ಪಟೆ ಫ್ಯೂಸುಗಳ ಬಣ್ಣವೇ ಅವುಗಳ ಶಕ್ತಿ ಹೇಳುತ್ತದೆ: ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. 8 ಆಂಪಿಯರಿನ ಸೀಟಿಗೆ ಕೆಂಪು, 9 ಆಂಪಿಯರಿನ ದೀಪಕ್ಕೆ ನೀಲಿ ಸಾಕು. ಫ್ಯೂಸು ಪದೇ ಪದೇ ಹೋಗುತ್ತದೆಂದು ಅದರ ಜಾಗದಲ್ಲಿ ತಂತಿಯ ತುಂಡನ್ನೋ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನೋ ತುರುಕುವುದು, ಬೊಗಳುತ್ತದೆಂದು ಕಾವಲು ನಾಯಿಯ ಬಾಯಿ ಕಟ್ಟಿದಂತೆ.

ಇನ್ನೂ ಒಂದು ಲೆಕ್ಕವಿದೆ, ಅದು ಮನೆಯ ಆಯವ್ಯಯದಂತೆ. ಅನೇಕ ಟ್ರ್ಯಾಕ್ಟರುಗಳ ಆಲ್ಟರ್ನೇಟರ್, ಅಂದರೆ ಗ್ಯಾರೇಜಿನವರು ಇನ್ನೂ 'ಡೈನಮೋ' ಎಂದೇ ಕರೆಯುವ ಯಂತ್ರ, ಹೆಚ್ಚೆಂದರೆ 36 ಆಂಪಿಯರ್ ಉತ್ಪಾದಿಸುತ್ತದೆ. ಮುಂದಿನ ದೀಪಗಳಿಗೆ 9, ಹಿಂದಿನ ಕೆಲಸದ ದೀಪಗಳಿಗೆ 9, 200 ವ್ಯಾಟಿನ ಆಂಪ್ಲಿಫೈಯರಿಗೆ ಸುಮಾರು 17. ಒಟ್ಟು 35. ಬ್ಯಾಟರಿ ತುಂಬಲು ಉಳಿದದ್ದು ಒಂದು ಆಂಪಿಯರ್. ಆದಾಯ ಮೀರಿದ ಖರ್ಚಿನ ಮನೆಯಂತೆ ಬ್ಯಾಟರಿ ದಿನದಿನಕ್ಕೂ ಬರಿದಾಗಿ, ಒಂದು ಮುಂಜಾನೆ ಟ್ರ್ಯಾಕ್ಟರನ್ನು ನಾಲ್ಕು ಜನ ದಬ್ಬಬೇಕಾಗುತ್ತದೆ. ಕಾರಿನ ಬಿಸಿ ಸೀಟೂ ಹಾಗೆಯೇ. ಚಾಬಿ ತೆಗೆದರೂ ಹತ್ತಿಯೇ ಇರುವಂತೆ ಜೋಡಿಸಿ ಮರೆತರೆ, 35 ಆಂಪಿಯರ್-ಗಂಟೆಯ ಬ್ಯಾಟರಿಯನ್ನು 8 ಆಂಪಿಯರ್ ನಾಲ್ಕೂವರೆ ಗಂಟೆಯೊಳಗೆ ನುಂಗಿಬಿಡುತ್ತದೆ. ಆದ್ದರಿಂದ ರಿಲೇಗೆ ಹೇಳುವ ತಂತಿ ಚಾಬಿ ಹಾಕಿದಾಗ ಮಾತ್ರ ಜೀವ ಬರುವ ಕಡೆಯಿಂದ ಬರಬೇಕು.

ಹೊಸ ಕಾರಿನ ಪಿಸುಮಾತು

ಹಳೆಯ ಜೀಪು, ಟ್ರ್ಯಾಕ್ಟರುಗಳಲ್ಲಿ ಸ್ವಿಚ್ಚು ನೇರವಾಗಿ ದೀಪದ ಭಾರ ಹೊರುತ್ತಿತ್ತು. ಈಗಿನ ಅನೇಕ ಕಾರುಗಳ ಸ್ವಿಚ್ಚು ಭಾರ ಹೊರುವುದೇ ಇಲ್ಲ. ಅದು ಒಂದು ಸಣ್ಣ ಕಂಪ್ಯೂಟರಿನ ಕಿವಿಯಲ್ಲಿ ಪಿಸುಗುಡುತ್ತದೆ, ಅಷ್ಟೆ. ಕಂಪ್ಯೂಟರು ತಾನೇ ತೀರ್ಮಾನಿಸಿ ದೀಪ ಹಚ್ಚುತ್ತದೆ, ಸೀಟು ಬಿಸಿ ಮಾಡುತ್ತದೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಜಗತ್ತಿನ ಮುಂದಿಟ್ಟ 'ಕ್ಯಾನ್' ಎಂಬ ವ್ಯವಸ್ಥೆಯಲ್ಲಿ ಎರಡೇ ತಂತಿಗಳ ಮೇಲೆ ವಾಹನದ ಹಲವು ಕಂಪ್ಯೂಟರುಗಳು ಪರಸ್ಪರ ಮಾತಾಡಿಕೊಳ್ಳುತ್ತವೆ. ಅಂಥ ತಂತಿಯನ್ನು ಸುಲಿದು ಸೀಟಿನ ಕವರು ಜೋಡಿಸುವುದೆಂದರೆ, ಟೆಲಿಫೋನ್ ತಂತಿಗೆ ಹಿಟ್ಟಿನ ಗಿರಣಿ ಕಟ್ಟಿದಂತೆ. ಸುಡುವುದು ಹತ್ತು ರೂಪಾಯಿಯ ಫ್ಯೂಸಲ್ಲ, ಸಾವಿರಾರು ರೂಪಾಯಿಯ ಕಂಪ್ಯೂಟರು.

ಆದ್ದರಿಂದ ತಿಳಿದ ಕೆಲಸಗಾರ ಮೊದಲು ಆ ವಾಹನದ ವೈರಿಂಗ್ ನಕ್ಷೆ ನೋಡುತ್ತಾನೆ, ಮಲ್ಟಿಮೀಟರ್ ಹಿಡಿಯುತ್ತಾನೆ. ಸ್ವಿಚ್ಚು ಒತ್ತಿದರೆ ಒತ್ತಿದಂತೆ ನಿಲ್ಲುತ್ತದೆಯೇ, ಬೆರಳು ತೆಗೆದೊಡನೆ ಮರಳುತ್ತದೆಯೇ? ಅದರಿಂದ ಹೊರಡುವುದು 12 ವೋಲ್ಟೇ, ಬರೀ ಸಂಕೇತವೇ? ಸಂಕೇತ ಮಾತ್ರವಾದರೆ ಸಾದಾ ರಿಲೇಯ ಸುರುಳಿಯೂ ಅದಕ್ಕೆ ಭಾರವೇ. ಆಗ ಕವರಿನ ಜೊತೆ ಬಂದ ಸ್ವಿಚ್ಚನ್ನೇ ಒಂದು ಅಚ್ಚುಕಟ್ಟಾದ ಜಾಗದಲ್ಲಿ ಕೂಡಿಸುವುದು ಜಾಣತನ. ಸುರುಳಿ ಆರಿದ ಗಳಿಗೆಯಲ್ಲಿ ಹಿಂದಕ್ಕೆ ಚಿಮ್ಮುವ ವಿದ್ಯುತ್ತನ್ನು ತಡೆಯಲು ಒಳಗೇ ಡಯೋಡ್ ಇರುವ ರಿಲೇಗಳೂ ಸಿಗುತ್ತವೆ. ಬಿಸಿ ಕವರಿನಲ್ಲಿರುವ ಶಾಖ ನಿಯಂತ್ರಕವನ್ನಂತೂ ಯಾವ ಕಾರಣಕ್ಕೂ ತೆಗೆಯಕೂಡದು. ಮಧುಮೇಹದಂಥ ಕಾರಣಗಳಿಂದ ಚರ್ಮದ ಸ್ಪರ್ಶಜ್ಞಾನ ಕುಂದಿದವರಿಗೆ ಸೀಟು ಸುಡುತ್ತಿರುವುದು ಗೊತ್ತಾಗುವುದೇ ಇಲ್ಲ.

ಸೀಟಿನ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆಯಿದೆ. ಭಾರತದಲ್ಲಿ ಹೊಸ ಕಾರುಗಳ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಿಂದ. ಕೆಲವು ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗು ಸೀಟಿನ ಬದಿಯಲ್ಲೇ ಅಡಗಿರುತ್ತದೆ. ಅದರ ಮೇಲೆ ಬಿಗಿಯಾಗಿ ಕವರು ಹೊದಿಸಿದರೆ ಅಪಘಾತದ ಹೊತ್ತಿನಲ್ಲಿ ಅದು ತೆರೆದುಕೊಳ್ಳಲು ಅಡ್ಡಿಯಾದೀತು. ಸೀಟಿನ ಕೆಳಗೆ ಹಳದಿ ಬಣ್ಣದ ಜೋಡಣೆ ಕಂಡರೆ ಅದು ಏರ್‌ಬ್ಯಾಗಿನದು ಎಂದು ತಿಳಿದು ಕೈ ಹಿಂದೆಗೆಯಬೇಕು.

ಬಿಸಿಲಿಗೆ ತಕ್ಕ ಕೆಲಸ

ಚಳಿ ದೇಶದ ವೈರಿಂಗ್ ಪಾಠಕ್ಕೆ ಬಿಸಿಲ ನಾಡಿನಲ್ಲಿ ಇನ್ನೊಂದು ಅಧ್ಯಾಯ ಸೇರಿಸಬೇಕಾಗುತ್ತದೆ. 40 ಡಿಗ್ರಿಯ ಬಿಸಿಲಿಗೆ ಎಂಜಿನ್ನಿನ ಕಾವೂ ಕೂಡಿದರೆ ಬಾನೆಟ್ಟಿನ ಕೆಳಗಿನ ತಂತಿಗಳು ನಿತ್ಯವೂ ಬೇಯುತ್ತವೆ. ಸಾದಾ ಟೇಪಿನ ಅಂಟು ಕರಗಿ ಜಾರುತ್ತದೆ. ಮನೆಯ ವೈರಿಂಗಿಗೆಂದು ತಂದ ಒಂಟಿ ಎಳೆಯ ಗಟ್ಟಿ ತಂತಿ ವಾಹನದ ಅಲುಗಾಟಕ್ಕೆ ಒಳಗೊಳಗೇ ತುಂಡಾಗುತ್ತದೆ. ಹಲವು ಎಳೆಗಳ, ಶಾಖ ತಡೆಯುವ ಹೊದಿಕೆಯ ಆಟೊ ವೈರೇ ಬೇಕು. ಸುತ್ತಿ ಕಟ್ಟಿದ ಗಂಟಿನ ಬದಲು ಒತ್ತಿ ಕೂಡಿಸುವ ಟರ್ಮಿನಲ್, ಕಬ್ಬಿಣದ ರಂಧ್ರ ದಾಟುವಲ್ಲಿ ರಬ್ಬರ್ ಬಳೆ, ಸೈಲೆನ್ಸರಿನಿಂದ ದೂರ. ಇಷ್ಟು ಮಾಡಿದರೆ ತಂತಿ ವಾಹನದಷ್ಟೇ ಬಾಳುತ್ತದೆ.

ಈ ನಾಡಿಗೆ ಬೇಕಾದ ಸೀಟು ಬಿಸಿಯದಲ್ಲ, ತಂಪಿನದು ಎಂಬ ಮಾತೂ ಸರಿಯೇ. ಸೀಟಿನೊಳಗೆ ಸಣ್ಣ ಫ್ಯಾನುಗಳನ್ನಿಟ್ಟು ಗಾಳಿಯಾಡಿಸುವ ಏರ್ಪಾಟು 1990ರ ದಶಕದ ಕೊನೆಯಲ್ಲಿ ಸಾಬ್ ಕಾರಿನಲ್ಲಿ ಬಂತು. ಈಗ ಭಾರತದ ಹಲವು ಕಾರುಗಳಲ್ಲೂ ಇದೆ, ಬಿಡಿ ಕವರಾಗಿಯೂ ಸಿಗುತ್ತದೆ. ಫ್ಯಾನು ಎಳೆಯುವ ಪ್ರವಾಹ ಬಿಸಿ ಸೀಟಿಗಿಂತ ಬಹಳ ಕಡಿಮೆ. ಆದರೂ ಲೆಕ್ಕ, ಫ್ಯೂಸು, ಗಟ್ಟಿ ಜೋಡಣೆ ಈ ಮೂರನ್ನು ಬಿಡುವಂತಿಲ್ಲ.

ಕಾನೂನಿನ ಮಾತನ್ನೂ ಕೇಳಬೇಕು. ವಾಹನ ನೋಂದಣಿ ಪತ್ರದಲ್ಲಿರುವ, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಕಂಪನಿಯ 60/55 ವ್ಯಾಟಿನ ಬಲ್ಬು ತೆಗೆದು 100/90 ವ್ಯಾಟಿನದನ್ನು ಹಾಕುವವರು ಎದುರು ಬರುವವರ ಕಣ್ಣು ಕುಕ್ಕುವುದಲ್ಲದೆ ತಮ್ಮದೇ ಹೋಲ್ಡರನ್ನು ಸುಟ್ಟುಕೊಳ್ಳುತ್ತಾರೆ. ಹೊಸ ವಾಹನವಾದರೆ ತಂತಿ ಕತ್ತರಿಸುವ ಮೊದಲು ವಾರಂಟಿಯ ಷರತ್ತು ಓದುವುದು ಕ್ಷೇಮ.

ತಂದೆತಾಯಿಗಳಿಗೆ ಒಂದು ಮಾತು

'ಓದು ಹತ್ತಲಿಲ್ಲ, ಗ್ಯಾರೇಜಿಗೆ ಹಾಕಿದೆವು' ಎಂಬ ಮಾತು ಈ ಭಾಗದ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ, ಗ್ಯಾರೇಜಿನ ಕೆಲಸಕ್ಕೆ ಓದು ಬೇಡವೆಂಬಂತೆ. ಮೇಲಿನ ಲೆಕ್ಕಗಳನ್ನು ಇನ್ನೊಮ್ಮೆ ನೋಡಿ. ಓಮ್ ನಿಯಮ, ಜೂಲ್ ನಿಯಮ, ವಿದ್ಯುತ್ಕಾಂತ, ಫ್ಯೂಸು, ಎಲ್ಲವೂ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿರುವ ಸಂಗತಿಗಳೇ. ಅವನ್ನು ತಿಳಿಯದೆ ಗ್ಯಾರೇಜು ಸೇರಿದ ಹುಡುಗ ಹಳೆಯ ವಾಹನಗಳನ್ನು ಕೈರೂಢಿಯಿಂದ ಸರಿ ಮಾಡಿಯಾನು. ಕಂಪ್ಯೂಟರು ತುಂಬಿದ ಹೊಸ ವಾಹನ, ವಿದ್ಯುತ್ ಸ್ಕೂಟರು ಎದುರಿಗೆ ಬಂದಾಗ ಅವನ ಕೈ ಕಟ್ಟುತ್ತದೆ. ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಮೆಗೆ ಹಚ್ಚುವುದು ಕಾನೂನಿಗೂ ವಿರುದ್ಧ.

ಎಸ್ಸೆಸ್ಸೆಲ್ಸಿ ಮುಗಿಸಿದರೆ ದಾರಿಗಳಿವೆ. ಐಟಿಐಯಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್, ಎಲೆಕ್ಟ್ರಿಷಿಯನ್ ಇವು ಎರಡು ವರ್ಷದ ಕೋರ್ಸುಗಳು, ಡೀಸೆಲ್ ಮೆಕ್ಯಾನಿಕ್ ಒಂದು ವರ್ಷದ್ದು. ಆಮೇಲೆ 1961ರ ಅಪ್ರೆಂಟಿಸ್ ಕಾಯಿದೆಯಂತೆ ಕಾರ್ಖಾನೆಯಲ್ಲೋ ವರ್ಕ್‌ಶಾಪಿನಲ್ಲೋ ಸ್ಟೈಪೆಂಡ್ ಪಡೆಯುತ್ತ ಕೆಲಸ ಕಲಿಯಬಹುದು. ಲೆಕ್ಕದಲ್ಲಿ ಆಸಕ್ತಿಯಿದ್ದರೆ ಡಿಪ್ಲೊಮಾ ಇದೆ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯೂ ಇದೆ, ಅರ್ಹತಾ ಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು.

ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಪ್ರಯೋಗ: ಒಂದೂವರೆ ವೋಲ್ಟಿನ ನಾಲ್ಕು ಶೆಲ್ಲುಗಳನ್ನು ಸಾಲಾಗಿ ಜೋಡಿಸಿ, 5 ಅಥವಾ 6 ವೋಲ್ಟಿನ ಸಣ್ಣ ರಿಲೇಯ ಸುರುಳಿಗೆ ಕೊಡಿ. 'ಟಕ್' ಎನ್ನುತ್ತದೆ. ರಿಲೇಯ ಇನ್ನೊಂದು ಬದಿಗೆ ಬೇರೆ ಶೆಲ್ಲು, ಟಾರ್ಚಿನ ಬಲ್ಬು ಜೋಡಿಸಿದರೆ ಒಂದು ಸರ್ಕಿಟ್ಟು ಇನ್ನೊಂದನ್ನು ಮುಟ್ಟದೆಯೇ ಆಳುವುದು ಕಣ್ಣಿಗೆ ಕಾಣುತ್ತದೆ. ವಾಹನದ ಬ್ಯಾಟರಿಯ ಮೇಲೆ ಮಾತ್ರ ಪ್ರಯೋಗ ಬೇಡ. ಅದರಿಂದ ಹೊರಡುವ ಜಲಜನಕಕ್ಕೆ ಒಂದು ಕಿಡಿ ತಾಕಿದರೆ ಬ್ಯಾಟರಿಯೇ ಸಿಡಿಯಬಹುದು. ಉಂಗುರ, ಕಡಗ ತೆಗೆದಿಟ್ಟು, ಮೊದಲು ಮೈನಸ್ ತಂತಿ ಬಿಚ್ಚಿ ಕೆಲಸ ಶುರು ಮಾಡುವುದನ್ನು ಗುರುವಿನ ಬಳಿಯೇ ಕಲಿಯಬೇಕು.

ಸುರಪುರದ ಆ ಗ್ಯಾರೇಜಿಗೆ ಮರಳಿದರೆ, ಕೆಲಸ ಮುಗಿಯುವಷ್ಟರಲ್ಲಿ ಸಂಜೆಯಾಗಿದೆ. ರಿಲೇ, ಫ್ಯೂಸಿನ ಡಬ್ಬಿ, ಒಳ್ಳೆಯ ವೈರು ಎಲ್ಲ ಸೇರಿ ಖರ್ಚು ಕೆಲವು ನೂರು ರೂಪಾಯಿ ಹೆಚ್ಚಾಗಿದೆ. ರೈತ ಗೊಣಗುತ್ತಲೇ ಟ್ರ್ಯಾಕ್ಟರ್ ಹತ್ತಿ ಸ್ವಿಚ್ಚು ಒತ್ತುತ್ತಾನೆ. ಎಲ್ಲೋ ಒಳಗೆ ಸಣ್ಣಗೆ 'ಟಕ್' ಎನ್ನುತ್ತದೆ, ಹಿಂದಿನ ಎರಡೂ ದೀಪ ಬೆಳ್ಳಗೆ ಹತ್ತುತ್ತವೆ.

"ಇದೇನ್ ತಮ್ಮಾ ಸಪ್ಪಳ? ಏನರ ಮುರೀತೇನು?"

ಹುಡುಗ ಉಸ್ತಾದನ ಮುಖ ನೋಡಿ ನಗುತ್ತಾನೆ.

"ಮುರಿದಿಲ್ಲ ಕಾಕಾ. ನೀವು ಹೇಳಿದ್ದು ಅದಕ್ಕ ಕೇಳಿಸ್ತು ಅಂತ ಅರ್ಥ."